ಅಕ್ಕನ ಊಟದ ವರದಿ

ನಮ್ಮಕ್ಕನ ಜೊತೆ ಊಟಕ್ಕೆ ಕೂರುವುದೆಂದರೆ ಏನೆಂದು ಇಪ್ಪತ್ತಾರು ವರ್ಷ ಕೂತ ನನಗೆ ಮಾತ್ರ ಗೊತ್ತು. ಆಸ್ಪತ್ರೆಯ ಪಾಳಿ ಮುಗಿಸಿ ಮಧ್ಯಾಹ್ನ ಮೂರಕ್ಕೆ ಬರುತ್ತಿದ್ದಳು, ಕೈಕಾಲು ತೊಳೆದು ತಟ್ಟೆಯ ಮುಂದೆ ಕೂರುತ್ತಿದ್ದಳು, ಬೆಳಗಿನಿಂದ ಮಾಡಿದ್ದನ್ನೆಲ್ಲ ಒಂದೂ ಬಿಡದೆ ಒಪ್ಪಿಸುತ್ತಿದ್ದಳು. ಎಷ್ಟು ಕತ್ತರಿ ತೊಳೆದೆ, ಯಾವ ಟ್ರೇಯಲ್ಲಿ ಚಿಮುಟ ಕಡಿಮೆ ಬಂತು, ಅದು ಎಲ್ಲಿ ಸಿಕ್ಕಿತು, ಯಾರ ಮೇಲೆ ಸಿಡುಕಿದೆ, ಸಿಡುಕಿದ್ದು ಸರಿಯೋ ತಪ್ಪೋ. ಅನ್ನ ಆರಿ ತಣ್ಣಗಾಗುತ್ತಿತ್ತು. ನಾನು ಮಧ್ಯೆ ಮಧ್ಯೆ ಹೂಂ ಅನ್ನಬೇಕು. ಒಂದು ಹೂಂ ತಪ್ಪಿದರೆ ಅವಳು ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದಳು.

ಅವಳ ಕೆಲಸ ಆಪರೇಷನ್ ಸಾಮಾನುಗಳನ್ನು ಶುದ್ಧ ಮಾಡುವ ಕೋಣೆಯಲ್ಲಿ. ತೊಳೆದ ಸಾಮಾನನ್ನು ಬಟ್ಟೆಯಲ್ಲಿ ಸುತ್ತಿ ಬಂಡಲ್ ಕಟ್ಟಿ, ಆಳೆತ್ತರದ ಉಕ್ಕಿನ ಯಂತ್ರದೊಳಗಿಟ್ಟು ಹಬೆಯಲ್ಲಿ ಬೇಯಿಸಬೇಕು. ಬೆಂದದ್ದು ಆಚೆ ಕಡೆಯ ಕಪಾಟಿಗೆ ಹೋಗುತ್ತದೆ, ಅಲ್ಲಿಂದ ಸೀದಾ ಆಪರೇಷನ್ ಥಿಯೇಟರಿಗೆ. ಕೇಳಲು ಅಡುಗೆಮನೆಯ ಕೆಲಸದಂತಿದೆ, ಅಲ್ಲವೇ? ನಾನೂ ಹಾಗೇ ಅಂದುಕೊಂಡಿದ್ದೆ. ಕೆಲಸಕ್ಕೆ ಸೇರಿದ ಮೊದಲ ವಾರ ಅಲ್ಲಿದ್ದ ಮುದುಕಿ ನರ್ಸ್ ಒಬ್ಬರು ಇವಳನ್ನು ಪಕ್ಕಕ್ಕೆ ಕರೆದು, "ಇಲ್ಲಿಯ ಕೊಳೆ ಕಣ್ಣಿಗೆ ಕಾಣಲ್ಲಮ್ಮ. ನೀನು ಸರಿಯಾಗಿ ಮಾಡಿದ್ಯೋ ಇಲ್ವೋ ನಿನಗೆ ಬಿಟ್ಟರೆ ಇನ್ನೊಂದು ನರಪಿಳ್ಳೆಗೂ ಗೊತ್ತಾಗಲ್ಲ" ಎಂದಿದ್ದರಂತೆ. ಅಕ್ಕ ಅವತ್ತು ಮನೆಗೆ ಬಂದು ನಡುಗುತ್ತಾ ಕೂತಿದ್ದಳು.

ನಮ್ಮಕ್ಕ ಧೈರ್ಯವಂತೆ ಎಂದು ಯಾರೂ ತಿಳಿಯಬೇಡಿ. ಶುದ್ಧ ಹೆದರುಪುಕ್ಕಲಿ. ಜಿರಲೆ ಕಂಡರೆ ಮಂಚ ಹತ್ತುವವಳು. ಆ ಹೆದರಿಕೆಗೆ ತಾನೇ ಒಂದು ಮದ್ದು ಕಂಡುಕೊಂಡಳು: ಊಟಕ್ಕೆ ಕೂತಾಗ ಬಾಯಿಬಿಟ್ಟು ಹೇಳಲಾಗದ್ದನ್ನು ಮಾಡಬಾರದು. ಅಷ್ಟೇ. ಅದಕ್ಕಿಂತ ದೊಡ್ಡ ವೇದಾಂತ ಅವಳ ಬಳಿ ಇರಲಿಲ್ಲ. ಯಾರೂ ನೋಡದ ಕೋಣೆಯಲ್ಲಿ ಕೆಲಸ ಮಾಡುವಾಗ, ಇದನ್ನು ಮೂರು ಗಂಟೆಗೆ ಇವಳಿಗೆ ಹೇಳಬೇಕಲ್ಲ ಎಂದು ನೆನೆಸಿಕೊಂಡರೆ ಕೈ ತಾನಾಗಿ ಸರಿದಾರಿಗೆ ಬರುತ್ತದೆ ಎನ್ನುತ್ತಿದ್ದಳು.

ಆ ನೇಮ ಆಸ್ಪತ್ರೆಯಲ್ಲೇ ನಿಂತಿದ್ದರೆ ನನಗೇನೂ ತಕರಾರಿರಲಿಲ್ಲ. ಮನೆಯೊಳಕ್ಕೂ ಬಂತು. ನಾನು ಮನೆಯಲ್ಲೇ ಶಾಲೆಯ ಬ್ಯಾಗು ಹೊಲಿದು ಕೊಡುವವಳು. ಒಮ್ಮೆ ಒಳಪದರಕ್ಕೆ ಆಸ್ಪತ್ರೆಯ ಹಳೆ ಹಸಿರು ಬಟ್ಟೆ ತಂದುಕೊಡು ಎಂದೆ. ಹೇಗೂ ಹರಿದದ್ದು, ಬಿಸಾಡುವುದು, ಅಲ್ಲಿನ ಅರ್ಧ ಜನರ ಮನೆಯಲ್ಲಿ ಒರೆಸುವ ಬಟ್ಟೆ ಅದೇ.

"ತಂದರೆ ಊಟಕ್ಕೆ ಕೂತಾಗ ಏನಂತ ಹೇಳಲಿ?" ಎಂದಳು.

"ಹೇಳಬೇಕಾಗಿರೋದು ನನಗೆ ತಾನೇ? ಕೇಳಿದ್ದೂ ನಾನೇ ತಾನೇ?"

"ಅದಕ್ಕೇ ಆಗಲ್ಲ ಕಣೇ."

ಇದಕ್ಕೆ ಏನನ್ನುತ್ತೀರಿ? ನನಗೆ ತಲೆ ಚಿಟ್ಟುಹಿಡಿಯಿತು. ಹಿಂದೊಮ್ಮೆ ಒಬ್ಬ ಔಷಧಿ ಅಂಗಡಿಯವನು ಅವಳನ್ನು ಮದುವೆಯಾಗಲು ಬಂದಿದ್ದ, ಒಳ್ಳೆಯವನೇ. ತಂಗಿಯೂ ಜೊತೆಗೇ ಇರುತ್ತಾಳೆ ಎಂಬುದನ್ನು ತನ್ನ ತಾಯಿಗೆ ಮದುವೆಯ ನಂತರ ನಿಧಾನಕ್ಕೆ ತಿಳಿಸೋಣ ಎಂದನಂತೆ. ಅಕ್ಕ ಒಲ್ಲೆ ಎಂದಳು, ಅಲ್ಲಿಗೆ ಆ ಮಾತು ಮುಗಿಯಿತು. ಅದನ್ನೂ ಅನ್ನದ ಜೊತೆ ಕಲಸಿಕೊಂಡು ನನಗೆ ಹೇಳಿದಳು, ಬಸ್ಸು ತಡವಾಯಿತು ಎಂದು ಹೇಳುವ ದನಿಯಲ್ಲಿ.

ನಾವಿದ್ದದ್ದು ಆಸ್ಪತ್ರೆಯ ಹಿಂದಿನ ಕ್ವಾರ್ಟರ್ಸಿನಲ್ಲಿ, ಮೊದಲ ಮಹಡಿ, ಎರಡು ಕೋಣೆ. ಕಿಟಕಿಯ ಕೆಳಗೆ ನನ್ನ ಹೊಲಿಗೆ ಯಂತ್ರ. ಕಿಟಕಿಯಿಂದ ತುರ್ತು ವಿಭಾಗದ ಗೇಟು ಕಾಣುತ್ತಿತ್ತು. ಥಿಯೇಟರಿಗೆ ಸಂಬಂಧಪಟ್ಟ ಕೆಲಸದವರಿಗೆ ಮಾತ್ರ ಆ ಮನೆಗಳು, ಬೇರೆ ವಿಭಾಗಕ್ಕೆ ಹಾಕಿದರೆ ತಿಂಗಳೊಳಗೆ ಖಾಲಿ ಮಾಡಬೇಕು. ಇದು ಗೊತ್ತಿದ್ದೇ ನಾನು ಹದ್ದಿನ ಕಣ್ಣಿಟ್ಟು ಅಕ್ಕನ ಕೆಲಸ ಕಾಯುತ್ತಿದ್ದೆ. ಏಕೆಂದರೆ ನಾನು ಹೇಳಹೊರಟ ದಿನಕ್ಕೆ ಒಂದೂವರೆ ತಿಂಗಳ ಹಿಂದೆ ಒಂದು ಗಲಾಟೆ ಆಗಿತ್ತು. ಯಂತ್ರದಿಂದ ಬಂದ ಬಂಡಲ್‌ಗಳು ಒದ್ದೆಯಾಗಿವೆ, ಒದ್ದೆ ಬಟ್ಟೆ ದಾಟಿ ಕ್ರಿಮಿ ಒಳಗೆ ಹೋಗುತ್ತದೆ ಎಂದು ಅಕ್ಕ ಕೊಡಲಿಲ್ಲ. ಆಪರೇಷನ್ ನಲವತ್ತು ನಿಮಿಷ ತಡವಾಯಿತು. ದೊಡ್ಡ ಡಾಕ್ಟರು ಕಿಟಕಿಯ ಗಾಜು ಅದುರುವಂತೆ ಕೂಗಾಡಿದರು. ಇನ್‌ಚಾರ್ಜ್ ಸಿಸ್ಟರ್, ಅಂದರೆ ಆ ಕೋಣೆಯ ಮೇಲ್ವಿಚಾರಕಿ, ಮೆಮೋ ಕೊಟ್ಟರು. ಇನ್ನೊಂದು ಸಲ ನಿಮ್ಮಿಂದ ತೊಂದರೆಯಾದರೆ ಈ ಕೋಣೆಯಲ್ಲಿ ನೀವಿರಲ್ಲ ಎಂದು ಮುಖಕ್ಕೆ ಹೇಳಿದರು.

ಇನ್ನು ಆ ದಿನದ ಮಾತು.

ಅವತ್ತು ಅಕ್ಕ ಎಂದಿನಂತೆ ಬಂದಳು, ಕೂತಳು, ಶುರುಮಾಡಿದಳು. ಯಂತ್ರಕ್ಕೆ ಹಾಕಿದ ಮೊದಲನೇ ಲೋಡು, ಎರಡನೇ ಲೋಡು. ನಾನು ಜಿಪ್ಪಿನ ಹಲ್ಲು ಎಣಿಸುತ್ತಾ ಹೂಂಗುಟ್ಟುತ್ತಿದ್ದೆ.

"ಮೂರನೇ ಲೋಡಿಗೆ ಮಧ್ಯದಲ್ಲೇ ಹಬೆ ಇಳಿದುಬಿಡ್ತು ಕಣೇ. ಏಳು ನಿಮಿಷ ಆಗಿತ್ತು, ಅಷ್ಟೇ. ಮೆಷಿನ್ನು ಬಡ್ಕೊಳ್ತು."

"ಹೂಂ."

"ಬಾಯ್ಲರ್ ಅಣ್ಣನಿಗೆ ಫೋನ್ ಮಾಡಿದೆ. ಅರ್ಧ ಗಂಟೆ ಆಗುತ್ತೆ ಅಂದ. ಬಂಡಲ್ಲೆಲ್ಲ ತೆಗೆದು ಟ್ರಾಲಿ ಮೇಲಿಟ್ಟೆ, ಹನ್ನೊಂದಿದ್ದವು. ಅಷ್ಟರಲ್ಲಿ ಇನ್‌ಚಾರ್ಜ್ ಸಿಸ್ಟರ್ ಕರೆದರು, ಹೊಸ ಕೈಗವಸು ಬಂದಿದೆ ಎಣಿಸ್ಕೊ ಅಂತ. ಹೋದೆ. ಎಣಿಸಿದೆ. ವಾಪಸ್ ಬಂದೆ. ಬಂದು..."

"ಬಂದು?"

ತಲೆ ಎತ್ತಿದೆ. ಅವಳ ಕೈ ತಟ್ಟೆಯಲ್ಲಿ ಹಾಗೇ ನಿಂತಿತ್ತು. ಮುಖ ಬಿಳಿಚಿಕೊಂಡಿತ್ತು.

"ಬಂದು ಏನು ಮಾಡ್ದೆ ಅಕ್ಕಾ?"

"ಕಪಾಟಿಗಿಟ್ಟೆ," ಎಂದಳು. ದನಿ ಅವಳದಲ್ಲ ಎನಿಸಿತು. "ಕಪ್ಪಾಗಿತ್ತಲ್ಲ... ಟೇಪು ಕಪ್ಪಾಗಿತ್ತು."

ನನಗೆ ಅರ್ಥವಾಗಲು ಇಪ್ಪತ್ತಾರು ವರ್ಷದ ಊಟ ಸಾಕಿತ್ತು. ಪ್ರತಿ ಬಂಡಲ್ಲಿಗೂ ಒಂದು ಟೇಪು ಅಂಟಿಸುತ್ತಾರೆ. ಅದರ ಮೇಲಿನ ಮಾಸಲು ಗೆರೆಗಳು ಹಬೆಯ ಬಿಸಿಗೆ ಕಪ್ಪಾಗುತ್ತವೆ. ಕಪ್ಪಾದದ್ದು ಬೆಂದದ್ದು, ಮಾಸಲಾಗೇ ಉಳಿದದ್ದು ಬೇಯದ್ದು, ಇದು ಅವರೆಲ್ಲರ ಕಣ್ಣಿಗೆ ಅಭ್ಯಾಸವಾದ ಲೆಕ್ಕ. ಆದರೆ ಗೆರೆ ಕಪ್ಪಾಗಲು ನಾಲ್ಕೈದು ನಿಮಿಷ ಸಾಕು, ಒಳಗಿನ ಸಾಮಾನು ಶುದ್ಧವಾಗಲು ಇಪ್ಪತ್ತು ಬೇಕು. ಅರ್ಧಕ್ಕೆ ನಿಂತ ಲೋಡಿನ ಟೇಪು ಕಿತ್ತು, ಮತ್ತೆ ಸುತ್ತಿ, ಹೊಸ ಟೇಪು ಹಚ್ಚಿ ಮೊದಲಿನಿಂದ ಬೇಯಿಸಬೇಕು. ಅಕ್ಕ ವಾಪಸ್ ಬಂದಾಗ ಕಣ್ಣು ಕಪ್ಪು ಗೆರೆಯನ್ನು ನೋಡಿತು, ಕೈ ಕಪಾಟಿಗೆ ಜೋಡಿಸಿತು. ತಲೆ ಆ ಕಡೆ ಇರಲೇ ಇಲ್ಲ. ಈಗ ನನಗೆ ಹೇಳುವಾಗ, ಸಾಲಾಗಿ ಹೇಳುತ್ತಾ ಹೇಳುತ್ತಾ, ಅವಳೇ ಅದಕ್ಕೆ ಎಡವಿದಳು.

ಎದ್ದಳು. ಎಂಜಲು ಕೈಯಲ್ಲೇ ಬಾಗಿಲಿಗೆ ಹೊರಟಳು. ನಾನು ಅಡ್ಡ ನಿಂತೆ. ಇದನ್ನು ನಾನು ಬರೆಯದೆಯೂ ಇರಬಹುದಿತ್ತು.

"ಎಲ್ಲಿಗೆ?"

"ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳ್ಬೇಕು. ಈಗ್ಲೇ ತೆಗೆಸ್ಬೇಕು."

"ಬುದ್ಧಿ ನೆಟ್ಟಗಿದ್ಯಾ ನಿನಗೆ? ಇವತ್ತಿನ ಆಪರೇಷನ್ ಎಲ್ಲಾ ಮುಗೀತು ಅಂತ ನೀನೇ ಅಂದ್ಯಲ್ಲ. ನಾಳೆ ಬೆಳಗ್ಗೆ ಒಂದು ಗಂಟೆ ಮುಂಚೆ ಹೋಗು. ಹನ್ನೊಂದನ್ನೂ ತೆಗಿ, ಮತ್ತೆ ಹಾಕು. ಯಾರಿಗೂ ಗೊತ್ತಾಗಲ್ಲ."

"ಎಮರ್ಜೆನ್ಸಿ ಬಂದರೆ?"

"ಬರಲ್ಲ."

"ಬರಲ್ಲ ಅಂತ ನಿನಗೆ ಯಾರು ಹೇಳಿದರು?"

"ಬಂದರೂ ಕಪಾಟಲ್ಲಿ ಬೇರೆ ಬಂಡಲ್ಲಿಲ್ವಾ? ಒಳಗೆ ಬೆಂದಿದ್ಯೋ ಇಲ್ವೋ ತೋರಿಸೋ ಚೀಟಿ ಬೇರೆ ಇಟ್ಟಿರ್ತೀರಾ, ಬಿಚ್ಚಿದವರು ನೋಡಲ್ವಾ?"

"ಅವಸರದಲ್ಲಿ ಯಾರೇ ಚೀಟಿ ನೋಡ್ತಾರೆ," ಎಂದು ನನ್ನ ಭುಜ ಸರಿಸಲು ನೋಡಿದಳು.

ಆಗ ನಾನು ಅಳು ತೆಗೆದೆ. ನಾಟಕವಲ್ಲ, ನಿಜವಾಗಿಯೂ ಹೆದರಿದ್ದೆ. "ಮೆಮೋ ಇನ್ನೂ ಆ ಡಬ್ಬದ ಕೆಳಗಿದೆ. ಇದೊಂದು ಗೊತ್ತಾದರೆ ಮನೆ ಹೋಯ್ತು. ಐವತ್ತೆರಡು ವರ್ಷ ನನಗೆ. ಈ ಮಂಡಿ ಇಟ್ಕೊಂಡು, ಆ ಮೆಷಿನ್ ಇಟ್ಕೊಂಡು ಎಲ್ಲಿಗೆ ಹೋಗಲಿ ಅಕ್ಕಾ? ನಿನ್ನ ನೇಮಕ್ಕೆ ನಾನು ಬೀದಿಗೆ ಬೀಳ್ಬೇಕಾ?"

ಅವಳು ನನ್ನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಹೋಗಿ ಮತ್ತೆ ತಟ್ಟೆಯ ಮುಂದೆ ಕೂತಳು. ಉಣ್ಣಲಿಲ್ಲ. ಗಡಿಯಾರದಲ್ಲಿ ಮೂರೂವರೆ. ನನ್ನ ಜೀವನದಲ್ಲಿ ನಾನು ಅಕ್ಕನ ಮೇಲೆ ಗೆದ್ದದ್ದು ಅದೊಂದೇ ಸಲ.

ಗೆದ್ದವಳಿಗೆ ಆ ಸಂಜೆ ಹೇಗಿತ್ತೆಂದು ಕೇಳಿ. ಅಕ್ಕ ಕಿಟಕಿಯ ಬಳಿ ನಿಂತು ಗೇಟನ್ನೇ ನೋಡುತ್ತಿದ್ದಳು. ನಾನು ಹೊಲಿಗೆಗೆ ಕೂತೆ, ಒಂದೇ ಪಟ್ಟಿಯನ್ನು ಮೂರು ಸಲ ತಪ್ಪಾಗಿ ಹೊಲಿದು ಬಿಚ್ಚಿದೆ. ಒಂದು ಆಂಬುಲೆನ್ಸ್ ಬಂತು. ಇಬ್ಬರೂ ಉಸಿರು ಹಿಡಿದೆವು. ಕಾಲು ಮುರಿದ ಮುದುಕನನ್ನು ಇಳಿಸಿದರು, ಕಾಲಿಗೆ ಬರೀ ಪಟ್ಟಿ ಕಟ್ಟಿ ಕಳಿಸುತ್ತಾರೆ ಎಂದು ನಾನೇ ಡಾಕ್ಟರಂತೆ ಹೇಳಿದೆ. ಇನ್ನೊಂದು ಬಂತು. ಅದರಿಂದ ಇಳಿಸಿದವರ ಮುಖ ಕಾಣಲಿಲ್ಲ. ಒಂದು ಆಟೋ ಬಂತು, ಅದರಿಂದ ಒಬ್ಬ ಹೆಂಗಸು ಹೊಟ್ಟೆ ಹಿಡಿದುಕೊಂಡು ಬಗ್ಗಿ ಬಗ್ಗಿ ಇಳಿದಳು. ಅಕ್ಕ ಕಿಟಕಿಯ ಸರಳು ಹಿಡಿದುಕೊಂಡಳು. ಹೊಟ್ಟೆನೋವು ಯಾರಿಗೆ ಬರಲ್ಲ ಎಂದು ನಾನು ಅಂದೆ. ಅಂದವಳೇ ಎದ್ದೆ. ಕಿಟಕಿ ಮುಚ್ಚಿಬಿಟ್ಟೆ.

ಬೆಳಗ್ಗೆ ಐದೂವರೆಗೇ ಅಕ್ಕ ಹೋದಳು. ಕಪಾಟಿನಲ್ಲಿ ಮೂರು ಎಂದು ನಂಬರು ಬರೆದ ಬಂಡಲ್‌ಗಳು ಹತ್ತಿದ್ದವು. ಎರಡು ಸಲ ಎಣಿಸಿದಳಂತೆ. ಥಿಯೇಟರಿನ ಪುಸ್ತಕ ತೆರೆದು ನೋಡಿದಳು. ಹಿಂದಿನ ರಾತ್ರಿ ಒಂಬತ್ತೂ ಹತ್ತಕ್ಕೆ ಅಪೆಂಡಿಕ್ಸ್ ಆಪರೇಷನ್, ಒಬ್ಬ ಹೆಂಗಸು, ಸಾಮಾನು ಮೂರನೇ ಲೋಡಿನದು.

ಸದ್ದಿಲ್ಲದೆ ಹತ್ತನ್ನು ಮತ್ತೆ ಬೇಯಿಸಿಟ್ಟು ಸುಮ್ಮನಿರಬಹುದಿತ್ತು. ನಾನು ಕಲಿಸಿಕೊಟ್ಟ ಪಾಠ ಅದೇ. ಅವಳು ಅಲ್ಲಿಂದ ನೇರ ಇನ್‌ಚಾರ್ಜ್ ಸಿಸ್ಟರ್ ಮನೆಗೆ ಹೋಗಿ ಬಾಗಿಲು ತಟ್ಟಿದಳು. ಅವರು ಹಲ್ಲುಜ್ಜುತ್ತಿದ್ದರಂತೆ, ಕೇಳಿ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರಂತೆ. ಒಂಬತ್ತಕ್ಕೆ ದೊಡ್ಡ ಡಾಕ್ಟರಿಗೆ ತಿಳಿಯಿತು. ಕೂಗಾಡುತ್ತಾರೆ ಎಂದುಕೊಂಡರೆ ಆ ಮನುಷ್ಯ ಒಂದು ಮಾತೂ ಆಡದೆ ಅಕ್ಕನನ್ನು ಕರೆದುಕೊಂಡು ವಾರ್ಡಿಗೆ ಹೋಗಿ ರೋಗಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಔಷಧಿ ಜಾಸ್ತಿ ಮಾಡಿದ್ದೇವೆ, ಏನೂ ಆಗದೆ ಇರಬಹುದು, ಆಗಲೂಬಹುದು, ಐದಾರು ದಿನ ಕಾಯಬೇಕು ಎಂದರು. ಅಕ್ಕನನ್ನು ಅವತ್ತೇ ಸಸ್ಪೆಂಡ್ ಮಾಡಿದರು.

ಆ ಹೆಂಗಸು ಸಿಟಿ ಬಸ್ಸಿನ ಕಂಡಕ್ಟರ್. ವಾರ್ಡಿನಲ್ಲೆಲ್ಲ ಕಂಡಕ್ಟರಮ್ಮ ಎಂದೇ ಹೆಸರಾಯಿತು. ದಿನಾ ಸಾವಿರ ಜನರನ್ನು ಒಳಗೆ ಹೋಗಿ ಒಳಗೆ ಹೋಗಿ ಎಂದು ಕೂಗಿ ದನಿ ಒಡೆದುಹೋಗಿತ್ತು. ಅವರು ಅಕ್ಕನನ್ನು ಬೈಯಲಿಲ್ಲ. "ನೀವು ದಿನಾ ಬಂದು ನನ್ನ ಜ್ವರದ ಚೀಟಿ ಓದಿ ಹೇಳಿ," ಎಂದರು. "ಉಳಿದವರೆಲ್ಲ ಚೆನ್ನಾಗಿದೆ ಚೆನ್ನಾಗಿದೆ ಅಂತಾರೆ. ನೀವು ಸುಳ್ಳು ಹೇಳಲ್ಲ ಅಂತ ನನಗೆ ಗೊತ್ತಾಯ್ತಲ್ಲ." ಮನೆಯಿಂದ ಒಂದು ಥರ್ಮಾಮೀಟರನ್ನೂ ತರಿಸಿಕೊಂಡು ದಿಂಬಿನ ಕೆಳಗಿಟ್ಟುಕೊಂಡರು.

ಅಕ್ಕ ದಿನಕ್ಕೆ ಮೂರು ಸಲ ಹೋಗುತ್ತಿದ್ದಳು. ಮನೆಗೆ ಬಂದು ಹೇಳುವುದು ಈಗ ಒಂದೇ: ಬೆಳಗ್ಗೆ ಇಷ್ಟು, ಮಧ್ಯಾಹ್ನ ಇಷ್ಟು, ಸಂಜೆ ಇಷ್ಟು. ತೊಂಬತ್ತೆಂಟೂವರೆ. ತೊಂಬತ್ತೊಂಬತ್ತು. ನಾನು ತೂಕಡಿಸುತ್ತಾ ಕೇಳುತ್ತಿದ್ದವಳು ಈಗ ಬಾಗಿಲಲ್ಲೇ ಕಾದು ನಿಲ್ಲುತ್ತಿದ್ದೆ. ರಸ್ತೆಯಲ್ಲಿ ಸಿಟಿ ಬಸ್ಸು ಹೋದರೆ ಎದೆ ಧಸಕ್ಕೆನ್ನುತ್ತಿತ್ತು. ಅಕ್ಕ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ತಿರುಗಿ ಅನ್ನಬಹುದಿತ್ತು, ನನಗೆ ಅದು ಚೆನ್ನಾಗಿ ಬರುತ್ತದೆ. ಮೂರೂವರೆಗೇ ಬಿಟ್ಟಿದ್ದರೆ ಹನ್ನೊಂದೂ ಕಪಾಟಿನಲ್ಲೇ ಸಿಗುತ್ತಿದ್ದವು ಎಂಬ ಲೆಕ್ಕವನ್ನು ನಾನೊಬ್ಬಳೇ ಕೂತು ಮಾಡಬೇಕಾಯಿತು.

ನಾಲ್ಕನೆಯ ದಿನ ಹನ್ನೊಂದಕ್ಕೆ ವಿಚಾರಣೆ. ಆಡಳಿತಾಧಿಕಾರಿಯ ಕೋಣೆಯಲ್ಲಿ ಅವರು, ದೊಡ್ಡ ಡಾಕ್ಟರು, ಇನ್‌ಚಾರ್ಜ್ ಸಿಸ್ಟರ್ ಕೂರುತ್ತಾರಂತೆ. ಹೊರಡುವಾಗ ಅಕ್ಕ, "ಬೆಳಗ್ಗೆ ತೊಂಬತ್ತೊಂಬತ್ತು ಪಾಯಿಂಟ್ ಆರು ಇತ್ತು. ಹನ್ನೊಂದಕ್ಕೆ ನಾನಿರಲ್ಲ, ನೀನು ಹೋಗಿ ನೋಡು. ಕಂಡಕ್ಟರಮ್ಮ ಒಬ್ಬರೇ ಇರ್ತಾರೆ," ಎಂದಳು. ಬಾಗಿಲು ದಾಟಿದವಳು ನಿಂತು, "ಜ್ವರ ಇಲ್ಲ ಅಂದರೆ ಬೇಗ ಮುಗೀಬಹುದು ಅಂದರು ಇನ್‌ಚಾರ್ಜ್ ಸಿಸ್ಟರ್. ಯಾರಿಗೂ ಏನೂ ಆಗಿಲ್ಲ ಅಂತ ಬರೆದು ಮುಗಿಸ್ತಾರಂತೆ. ಮನೆ ಉಳಿಯುತ್ತೆ ಕಣೇ," ಎಂದಳು.

ನಾನು ಅದುವರೆಗೆ ಆ ವಾರ್ಡಿಗೆ ಕಾಲಿಟ್ಟಿರಲಿಲ್ಲ. ಹೋಗಲು ಹೆದರಿಕೆ. ಎರಡು ಸಾಲು ಮಂಚ, ಫಿನಾಯಿಲ್ ವಾಸನೆ, ಆ ತುದಿಯಲ್ಲಿ ನರ್ಸಿನ ಮೇಜು. ಕಂಡಕ್ಟರಮ್ಮ ಕಿಟಕಿಯ ಪಕ್ಕದ ಮಂಚದಲ್ಲಿ ಗೋಡೆಗೊರಗಿ ಕೂತಿದ್ದರು. ನನಗಿಂತ ಚಿಕ್ಕವರು. ಕೆನ್ನೆ ಕೆಂಪಾಗಿತ್ತು. ಅಕ್ಕನ ತಂಗಿ ಎಂದು ಹೇಳಿಕೊಂಡೆ. ಥರ್ಮಾಮೀಟರು ತೆಗೆದು ಕಂಕುಳಲ್ಲಿಟ್ಟುಕೊಂಡು, "ಕೂತ್ಕೊಳ್ಳಿ," ಎಂದರು.

ಕೂತೆ. ಅವರು ನನ್ನ ಮುಖ ನೋಡುತ್ತಾ, "ಒಂದು ಕೇಳ್ತೀನಿ. ಮಧ್ಯಾಹ್ನ ಮೂರೂವರೆಗೇ ಗೊತ್ತಾಯ್ತು ಅಂದರು ನಿಮ್ಮಕ್ಕ. ಬೆಳಗ್ಗೆ ತನಕ ಯಾಕೆ ಸುಮ್ಮನಿದ್ರಿ ಅಂದೆ. ಹೆದರಿದೆ ಅಂದರು, ಅಷ್ಟೇ. ನನಗೆ ದಿನಾ ಸಾವಿರ ಮುಖ ನೋಡಿ ಅಭ್ಯಾಸ. ಅವರು ಹೆದರಿ ಕೂರೋರಲ್ಲ, ಹೆದರಿ ಓಡಿಬಂದು ಹೇಳೋರು," ಎಂದರು.

ಹೂಂ, ಹೆದರಿದಳು ಎಂದರೆ ಮುಗಿಯುತ್ತಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಆ ಒಡೆದ ದನಿಯ ಮುಂದೆ ಅದು ಹೊರಬೀಳಲಿಲ್ಲ.

"ಅವಳು ಹೊರಟಿದ್ದಳು. ನಾನು ಬಿಡಲಿಲ್ಲ," ಎಂದೆ. "ಬಾಗಿಲಿಗೆ ಅಡ್ಡ ನಿಂತೆ. ಅತ್ತುಬಿಟ್ಟೆ."

ಪಕ್ಕದ ಮಂಚದವರ ಕೆಮ್ಮು ಕೇಳುತ್ತಿತ್ತು. ನಾನು ಸೆರಗಿನ ಅಂಚು ತಿರುಚುತ್ತಾ ಕೂತೆ. ಎದ್ದು ಹೋಗು ಎಂದರೆ ಸಾಕು ಎನಿಸುತ್ತಿತ್ತು.

"ಅಡ್ಡ ನಿಂತಾಗ, ಆ ಸಾಮಾನು ಯಾರ ಹೊಟ್ಟೆಗೆ ಹೋಗ್ಬಹುದು ಅಂತ ಯೋಚನೆ ಬಂತಾ ನಿಮಗೆ?"

"ಇಲ್ಲ," ಎಂದೆ. "ಮನೆ ಯೋಚನೆ ಬಂತು. ನನ್ನ ಮಂಡಿ ಯೋಚನೆ ಬಂತು."

ಆಗಲೇ ಥರ್ಮಾಮೀಟರು ಪೀಪ್ ಎಂದಿತು. ಅವರು ಅದನ್ನು ತೆಗೆದು, ನೋಡದೆಯೇ ನನ್ನ ಕೈಗಿಟ್ಟರು. "ನಾನು ನೋಡಲ್ಲ, ನೋಡಿದರೆ ಭಯ ಆಗುತ್ತೆ. ನೀವು ಓದಿ ಹೇಳಿ."

ನೂರಾ ಎರಡು ಪಾಯಿಂಟ್ ನಾಲ್ಕು.

ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದೆ. ಅದೇ. ಒಂದು ಕ್ಷಣದಲ್ಲಿ ನನ್ನ ತಲೆಯಲ್ಲಿ ಏನೇನು ಓಡಿತು ಎಂಬುದನ್ನು ಮುಚ್ಚಿಟ್ಟು ಫಲವಿಲ್ಲ. ಈಗಲೇ, ಇದೇ ಹೊತ್ತಿಗೆ, ಕೆಳಗಿನ ಕೋಣೆಯಲ್ಲಿ ಮೂವರು ಕೂತು ಜ್ವರ ಇಲ್ಲ ಎಂದು ಬರೆಯಲು ಪೆನ್ನು ತೆಗೆದಿದ್ದಾರೆ. ಹೇಗೂ ಸಂಜೆ ಐದಕ್ಕೆ ನರ್ಸ್ ಬಂದು ನೋಡುತ್ತಾರೆ, ಅವರೇ ಹೇಳಲಿ. ಅಷ್ಟರಲ್ಲಿ ವಿಚಾರಣೆ ಮುಗಿದಿರುತ್ತದೆ. ತೊಂಬತ್ತೊಂಬತ್ತೂವರೆ ಎಂದರೆ ಈಕೆಗೂ ಐದು ಗಂಟೆಯ ತನಕ ನೆಮ್ಮದಿ. ನನ್ನ ಬಾಯಿ ತೊಂಬತ್ತು ಎನ್ನಲು ತೆರೆದೇ ಇತ್ತು. ಕಂಡಕ್ಟರಮ್ಮ ಕಣ್ಣು ಮುಚ್ಚಿಕೊಂಡು ಕಾಯುತ್ತಿದ್ದರು, ರೆಪ್ಪೆ ಅದುರುತ್ತಿತ್ತು. ಈಗಷ್ಟೇ ನನ್ನ ಬಂಡವಾಳವನ್ನೆಲ್ಲ ಕೇಳಿದ ಮೇಲೂ ಆ ಹೆಂಗಸು ಥರ್ಮಾಮೀಟರನ್ನು ನನ್ನ ಕೈಗೇ ಕೊಟ್ಟಿದ್ದರಲ್ಲ.

"ನೂರಾ ಎರಡು ಪಾಯಿಂಟ್ ನಾಲ್ಕಿದೆ," ಎಂದೆ.

ಕಣ್ಣು ತೆರೆಯಲಿಲ್ಲ. "ಸಿಸ್ಟರ್‌ನ ಕರೀರಿ," ಎಂದರು.

ಮಂಡಿಯ ನೋವು ಮರೆತು ಓಡಿದೆ. ನರ್ಸ್ ಬಂದು ಹೊಟ್ಟೆಯ ಪಟ್ಟಿ ಸರಿಸಿ ನೋಡಿದವರೇ ಫೋನಿಗೆ ಹೋದರು. ಹೊಲಿಗೆಯ ಸುತ್ತ ಕೆಂಪಗೆ ಊದಿದ್ದು ನನಗೂ ಕಂಡಿತು. ಸ್ವಲ್ಪ ಹೊತ್ತಿಗೆ ದೊಡ್ಡ ಡಾಕ್ಟರು ಮೆಟ್ಟಿಲು ಹತ್ತಿ ಬಂದರು, ಹಿಂದೆಯೇ ಅಕ್ಕ, ವಿಚಾರಣೆ ಅರ್ಧಕ್ಕೆ ಬಿಟ್ಟು. ಅಕ್ಕ ಒಮ್ಮೆ ನನ್ನ ಮುಖ ನೋಡಿದಳು, ಒಮ್ಮೆ ಮಂಚ ನೋಡಿದಳು, ಗೋಡೆ ಹಿಡಿದುಕೊಂಡು ನಿಂತಳು. ಕಂಡಕ್ಟರಮ್ಮನನ್ನು ತಳ್ಳುಗಾಡಿಯಲ್ಲಿ ಥಿಯೇಟರಿಗೆ ಒಯ್ದರು. ಅಕ್ಕ ಆ ಗಾಡಿಯ ಹಿಂದೆ ಹೋದಳು, ಬಾಗಿಲ ತನಕ ಬಿಟ್ಟರು.

ಎರಡು ಗಂಟೆ ಹೊರಗಿನ ಬೆಂಚಿನ ಮೇಲೆ ಕೂತೆವು. ಬದುಕಲಿ ಬದುಕಲಿ ಎಂದು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಲೇ ಇದ್ದೆ, ನಿಲ್ಲಿಸಿದರೆ ಏನಾದರೂ ಆಗಿಬಿಡುತ್ತದೆ ಎನ್ನುವಷ್ಟು ಹೆದರಿದ್ದೆ. ದೊಡ್ಡ ಡಾಕ್ಟರು ಹೊರಗೆ ಬಂದು ಟೋಪಿ ತೆಗೆದರು. ಕೀವು ಕಟ್ಟಿತ್ತು, ತೆಗೆದಿದ್ದೇವೆ, ಇನ್ನೂ ಒಳಗೆ ಹರಡಿರಲಿಲ್ಲ, ಪಾರಾಗುತ್ತಾರೆ ಎಂದರು. ಅಕ್ಕ ಅಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ವಿಚಾರಣೆ ನಾಳೆ ಎಂಟಕ್ಕೆ ಮುಂದುವರಿಯುತ್ತದೆ ಎಂದು ಇನ್‌ಚಾರ್ಜ್ ಸಿಸ್ಟರ್ ತಗ್ಗಿದ ದನಿಯಲ್ಲಿ ಹೇಳಿ ಹೋದರು.

ಮನೆಗೆ ಬಂದಾಗ ನಾಲ್ಕು ಗಂಟೆ. ಬೆಳಗಿನ ಬ್ರೆಡ್ಡು, ಬೇಯಿಸಿದ ಮೊಟ್ಟೆ ಇತ್ತು, ಅದನ್ನೇ ಮುಂದಿಟ್ಟೆ. ಅಕ್ಕ ಹೇಳತೊಡಗಿದಳು. ಕೋಣೆಯಲ್ಲಿ ಯಾರು ಎಲ್ಲಿ ಕೂತಿದ್ದರು, ಮೊದಲು ಏನು ಕೇಳಿದರು, ಏನು ಹೇಳಿದೆ. ಕೈಗವಸು ಎಣಿಸಲು ಕರೆದದ್ದನ್ನು ಇನ್‌ಚಾರ್ಜ್ ಸಿಸ್ಟರ್ ತಾವೇ ಒಪ್ಪಿಕೊಂಡರು ಎಂದಳು. ಆಮೇಲೆ ನಿಧಾನವಾದಳು.

"ಮೂರೂವರೆಗೆ ಗೊತ್ತಾದ ಮೇಲೆ ಯಾರಾದರೂ ನಿಮ್ಮನ್ನ ತಡೆದರಾ ಅಂತ ಕೇಳಿದರು."

"ಏನಂದೆ?"

"ಇಲ್ಲ ಅಂದೆ."

ಬ್ರೆಡ್ಡು ಅವಳ ಬಾಯಲ್ಲೇ ಇತ್ತು. ನುಂಗಲಾಗದೆ ಅಂಗೈಗೆ ಉಗುಳಿಕೊಂಡಳು. "ಹೇಳಬಾರದಿತ್ತು ಕಣೇ. ಆದರೆ ಬಾಗಿಲಲ್ಲಿ ನೀನು ಅಳ್ತಾ ನಿಂತಿದ್ದೇ ಕಣ್ಣಮುಂದೆ ಬಂತು. ನಿನ್ನ ಹೆಸರು ಆ ಕಾಗದದಲ್ಲಿ ಬರೆಸೋಕೆ ಆಗಲಿಲ್ಲ."

ಇಪ್ಪತ್ತಾರು ವರ್ಷದಲ್ಲಿ ಅವಳು ನನ್ನ ಮುಂದೆ ಒಪ್ಪಿಸಿದ ಮೊದಲ ಸುಳ್ಳು ಅದು. ನನಗಾಗಿ ಹೇಳಿದ್ದು. "ನಾಳೆ ನಿನ್ನ ಜೊತೆ ನಾನೂ ಬರ್ತೀನಿ," ಎಂದೆ.

"ಬೇಡ. ಮನೆ ಹೋಗುತ್ತೆ."

"ಹೋಗ್ಲಿ ಬಿಡು." ಹೇಳುವಾಗ ದನಿ ನಡುಗಿತು, ಸುಳ್ಳೇಕೆ.

ಮನೆ ಹೋಗಿಯೇ ಹೋಯಿತು. ಅಕ್ಕನನ್ನು ಬಟ್ಟೆ ಒಗೆಯುವ ವಿಭಾಗಕ್ಕೆ ಹಾಕಿದರು, ನಾವು ಬಸ್ ಡಿಪೋ ಹಿಂದಿನ ಒಂದು ಕೋಣೆಗೆ ಬಂದೆವು, ಆ ಕೋಣೆ ಹುಡುಕಿಕೊಟ್ಟದ್ದು ಹನ್ನೆರಡು ದಿನಕ್ಕೆ ಎದ್ದು ಮನೆಗೆ ಹೋದ ಕಂಡಕ್ಟರಮ್ಮ. ಅದೆಲ್ಲ ಆಮೇಲಿನ ಮಾತು. ನನಗೆ ಈಗಲೂ ಎದೆ ಹೊಡೆದುಕೊಳ್ಳುವುದು ಆ ಬೆಳಗ್ಗೆ ಎಂಟು ಗಂಟೆ ನೆನೆದಾಗ.

ಆಡಳಿತಾಧಿಕಾರಿ ನನಗೊಂದು ಕುರ್ಚಿ ಹಾಕಿಸಿದರು. ನಾನು ಎಲ್ಲವನ್ನೂ ಹೇಳಿದೆ, ಬಾಗಿಲು, ಅಳು, ಮೂರೂವರೆ. ಅವರು ಹಿಂದಿನ ದಿನದ ಕಾಗದ ತಿರುವಿ, ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಯಾರೂ ತಡೀಲಿಲ್ಲ ಅಂತ ನಿನ್ನೆ ಇವರು ಇಲ್ಲೇ ಕೂತು ಹೇಳಿದಾರೆ. ಹಾಗಾದರೆ ನಿಮ್ಮಕ್ಕ ನಮ್ಮ ಮುಂದೆ ಸುಳ್ಳು ಹೇಳಿದರು ಅಂತಾಯ್ತು, ಅಲ್ವಾ ಅಮ್ಮಾ?"

ಅಕ್ಕ ಪಕ್ಕದ ಕುರ್ಚಿಯಲ್ಲಿ ಕೈಕಟ್ಟಿಕೊಂಡು ಕೂತಿದ್ದಳು. ಜೀವನವಿಡೀ ಈ ಒಂದು ಮಾತನ್ನು ಯಾರೂ ತನ್ನ ಮೇಲೆ ಹೇಳಬಾರದು ಎಂದು ಹೆದರಿ ಹೆದರಿ ಬದುಕಿದವಳು. ನನ್ನ ಕಡೆ ತಿರುಗಿದಳು. ಹೇಳು ಎಂಬಂತೆ ತಲೆಯಾಡಿಸಿದಳು.

"ಹೌದು ಸಾರ್," ಎಂದೆ.

ಅವರು ಬರೆದುಕೊಂಡರು.